ಲಕ್ಷಣ ಒಂದು, ರಿಪೋರ್ಟ್ ಇನ್ನೊಂದು

ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದ ಕಡೆ ತೊಗರಿ ರಾಶಿಯ ದಿನಗಳಲ್ಲಿ ಕೆಮ್ಮದವರು ಕಡಿಮೆ. ಅದು ಧೂಳಿನ ಕೆಮ್ಮೋ, ಚಳಿಯ ನೆಗಡಿಯೋ, ಫ್ಲೂವೋ ಎಂದು ಕಿವಿಯಿಂದ ಕೇಳಿ ಹೇಳಲಾಗದು. ಉಸಿರಾಟದ ವೈರಸ್ ಸೋಂಕುಗಳ ವಿಷಯದಲ್ಲಿ ವೈದ್ಯರ ತೊಡಕೂ ಬಹುಕಾಲ ಇದೇ ಆಗಿತ್ತು.

1918ರ ಇನ್‌ಫ್ಲುಯೆಂಜಾ ಬಂದಾಗ ಬೀದರ್ ನಿಜಾಮರ ರಾಜ್ಯದಲ್ಲಿತ್ತು. ಭಾರತದಲ್ಲಿ ಕೋಟಿಗೂ ಮೀರಿ ಜನ ಸತ್ತ ಆ ಹಾವಳಿಗೆ ಬ್ಯಾಕ್ಟೀರಿಯಾವೇ ಕಾರಣವೆಂದು ಹಲವರು ನಂಬಿದ್ದರು. ಮನುಷ್ಯರ ಫ್ಲೂ ವೈರಸ್ ಲಂಡನ್ನಿನಲ್ಲಿ ಬೇರ್ಪಟ್ಟದ್ದು 1933ರಲ್ಲಿ. ವೈರಸ್ ಪತ್ತೆಗೆ ಬಳಸುವ ಪಿಸಿಆರ್ ವಿಧಾನ ಹುಟ್ಟಿದ್ದು ಅದಾಗಿ ಅರ್ಧ ಶತಮಾನಕ್ಕೆ. 2009ರ ಎಚ್‌1ಎನ್‌1 ಕಾಲದಲ್ಲಿ ಪರೀಕ್ಷೆಯಿತ್ತು, ಆದರೆ ಎಲ್ಲರಿಗೂ ಅಲ್ಲ. ಕೇಂದ್ರ ಸರ್ಕಾರ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸೌಮ್ಯ ಲಕ್ಷಣದವರಿಗೆ ಪರೀಕ್ಷೆ ಬೇಡವೆಂದಿತು. ಹೀಗಾಗಿ ಲೆಕ್ಕಕ್ಕೆ ಸಿಕ್ಕ ‘ಹಂದಿಜ್ವರ’ದಲ್ಲಿ ಜೋರಾದದ್ದೇ ಹೆಚ್ಚು.

ಕೋವಿಡ್‌ನಲ್ಲಿ ದೇಶದ ಮೊದಲ ಸಾವು ನಮ್ಮ ಪಕ್ಕದ ಕಲಬುರಗಿಯದು. 76 ವರ್ಷದ ಆ ವೃದ್ಧರು ತೀರಿದ್ದು 2020ರ ಮಾರ್ಚ್ 10ರಂದು, ಸೋಂಕು ಖಚಿತವಾದದ್ದು 12ರಂದು. ಆ ಹೊತ್ತಿಗೆ ವೈದ್ಯರ ಮುಂದಿದ್ದ ದೊಡ್ಡ ಆಧಾರ ಚೀನಾದ 1,099 ರೋಗಿಗಳ ಅಧ್ಯಯನ. ಆಸ್ಪತ್ರೆಗೆ ಬಂದಾಗ ಜ್ವರವಿದ್ದವರು ಶೇ 44ರಷ್ಟು ಮಾತ್ರ. ದಾಖಲಾದ ಮೇಲೆ ಅದು ಶೇ 89ಕ್ಕೆ ಏರಿತು. ಕೆಮ್ಮು ಶೇ 68. ರಕ್ತದಲ್ಲಿ ಲಿಂಫೊಸೈಟ್ ಕಣಗಳು ಕುಸಿದದ್ದು ಶೇ 83 ಮಂದಿಯಲ್ಲಿ. ಇಷ್ಟು ಗೊತ್ತಿದ್ದೂ ಮಹಾರಾಷ್ಟ್ರ ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಹಣೆಗೆ ಥರ್ಮಲ್ ಗನ್ ಹಿಡಿದದ್ದೇ ಹಿಡಿದದ್ದು. ಆಸ್ಪತ್ರೆಗೆ ಬಂದವರಲ್ಲೇ ಅರ್ಧಕ್ಕರ್ಧ ಜನ ಆ ಜರಡಿಯಿಂದ ಸಲೀಸಾಗಿ ಜಾರುವಂತಿತ್ತು.

ವಾಸನೆ, ರುಚಿ ಹೋಗುವುದನ್ನು ಕೇಂದ್ರ ಆರೋಗ್ಯ ಸಚಿವಾಲಯ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು ಜೂನ್ 13ಕ್ಕೆ. ಅದೇ ತಿಂಗಳು ಅರ್ಧ ಗಂಟೆಯ ಆಂಟಿಜೆನ್ ಕಿಟ್ಟಿಗೆ ಐಸಿಎಂಆರ್ ಒಪ್ಪಿಗೆ ಕೊಟ್ಟಿತು, ಒಂದು ಷರತ್ತಿನೊಡನೆ: ಲಕ್ಷಣವಿದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಲೇಬೇಕು. ಸೆಪ್ಟೆಂಬರಿನ ರಾಜ್ಯ ಸಮೀಕ್ಷೆ ಇನ್ನೊಂದು ಮುಖ ತೋರಿಸಿತು. ಸುಮಾರು ಶೇ 27ರಷ್ಟು ಜನರಿಗೆ ಸೋಂಕು ಬಂದುಹೋಗಿದೆ ಅಥವಾ ಇನ್ನೂ ಇದೆ ಎಂಬ ಆ ಅಂದಾಜಿನ ಮುಂದೆ ಅಧಿಕೃತ ಪಾಸಿಟಿವ್ ಸಂಖ್ಯೆ ತೀರಾ ಚಿಕ್ಕದಾಗಿತ್ತು. ಆಸ್ಪತ್ರೆಯ ಶೇಕಡಾವಾರುಗಳನ್ನು ಊರಿಗೆ ಹಚ್ಚಿ ಓದಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅದೇ ತಿಂಗಳ 24ರಂದು ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಕೋವಿಡ್‌ನಿಂದ ತೀರಿಕೊಂಡರು. ತೆರವಾದ ಸ್ಥಾನಕ್ಕೆ ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು, ಎರಡನೇ ಅಲೆ ಏರುತ್ತಿದ್ದಾಗ! ಆಗ ಸಿಆರ್‌ಪಿ, ಡಿ-ಡೈಮರ್ ಎಂಬ ರಕ್ತಪರೀಕ್ಷೆಗಳು, ಶ್ವಾಸಕೋಶದ ಸಿಟಿ ಸ್ಕೋರ್ ಜನರ ಬಾಯಲ್ಲಿ ಸಲೀಸಾದವು. ಸೌಮ್ಯ ಲಕ್ಷಣದವರಿಗೆ ಸಿಟಿ ಸ್ಕ್ಯಾನ್ ಬೇಡವೆಂದು ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ ಮೇ ತಿಂಗಳಲ್ಲಿ ಎಚ್ಚರಿಸಬೇಕಾಯಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮಾತ್ರ ಕೊಟ್ಟ ಕಾಸಿಗೆ ಮೋಸ ಮಾಡಲಿಲ್ಲ. ದಮ್ಮು ಹತ್ತುವ ಮೊದಲೇ ಆಮ್ಲಜನಕ ಇಳಿದದ್ದನ್ನು ತೋರಿಸುತ್ತಿತ್ತು.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಉಸಿರಾಟದ ವೈರಸ್ ಆದ ಎಚ್‌ಎಂಪಿವಿ ಕಂಡಿತೆಂದು ಗದ್ದಲವೆದ್ದಿತು. ಆ ವೈರಸ್ 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾಗಿತ್ತು. ಐಸಿಎಂಆರ್‌ನ ಮಾಮೂಲಿ ನಿಗಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಈ ಎರಡು ಪ್ರಕರಣಗಳಿಗೂ ವಿದೇಶ ಪ್ರಯಾಣದ ನಂಟಿರಲಿಲ್ಲ.