ಸ್ಪೇನ್ ದೇಶದ ಯಾತ್ರಾಮಾರ್ಗವೂ ಅಲ್ಲಿನ ಧರ್ಮಶಾಲೆಗಳೂ

ತೀರ್ಥಕ್ಷೇತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೇವಾಲಯದ ಶಿಖರವನ್ನು ವರ್ಣಿಸಿ, ಅದನ್ನು ಕಟ್ಟಿಸಿದ ಅರಸರ ಹೆಸರನ್ನು ಹೇಳಿ ಮುಗಿಸುವರು. ಆದರೆ ಯಾತ್ರಿಕನು ಸನ್ನಿಧಿಯಲ್ಲಿ ನಿಲ್ಲುವುದು ಒಂದೆರಡು ಗಳಿಗೆ ಮಾತ್ರ; ದಾರಿಯಲ್ಲಿ ಅವನು ಕಳೆಯುವ ರಾತ್ರಿಗಳಾದರೋ ಹಲವು. ಆ ರಾತ್ರಿಗಳಲ್ಲಿ ಅವನಿಗೆ ಬಾಗಿಲನ್ನು ತೆರೆದವರು ಯಾರು, ಯಾವ ಬುದ್ಧಿಯಿಂದ ತೆರೆದರು ಎಂಬುದನ್ನು ತಿಳಿಯದೆ ಕ್ಷೇತ್ರಚರಿತ್ರೆಯು ಪೂರ್ಣವಾಗದು. ಈ ಮಾತಿಗೆ ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿರುವ ಸಾಂತಿಯಾಗೋ ದೆ ಕಾಂಪೋಸ್ತೆಲಾ ಎಂಬ ಪುರವೂ, ಅಲ್ಲಿಗೆ ಹೋಗುವ ಮಾರ್ಗವೂ ಉತ್ತಮ ನಿದರ್ಶನವಾಗಿವೆ.

ಯೇಸುಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ಯಾಕೋಬನ ಸಮಾಧಿಯು ಅಲ್ಲಿ ದೊರೆಯಿತೆಂಬ ಐತಿಹ್ಯವು ೯ನೆಯ ಶತಮಾನದ ಪೂರ್ವಾರ್ಧದಲ್ಲಿ, ಎರಡನೆಯ ಆಲ್ಫಾನ್ಸೋ ಅರಸನ ಆಳಿಕೆಗೆ ಸೇರಿದ್ದು. ಐತಿಹ್ಯದ ಸತ್ಯಾಸತ್ಯವನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿರುವರು. ಆದರೆ ಅದನ್ನು ನಂಬಿ ನಡೆದ ಜನಸಮೂಹದ ವಿಷಯದಲ್ಲಿ ವಿವಾದವಿಲ್ಲ. ೧೦೭೫ರಲ್ಲಿ ಆರಂಭವಾದ ಮಹಾದೇವಾಲಯವು ೧೨೧೧ರಲ್ಲಿ ಪ್ರತಿಷ್ಠೆಗೊಂಡಿತು. ಫ್ರಾನ್ಸ್ ದೇಶದ ಕಡೆಯಿಂದ ಬರುವವರು ಪಿರನೀಸ್ ಪರ್ವತಗಳನ್ನು ದಾಟಿ, ಸುಮಾರು ೮೦೦ ಕಿಲೋಮೀಟರು ದೂರವನ್ನು ಕಾಲ್ನಡಿಗೆಯಿಂದ ಕ್ರಮಿಸಬೇಕಾಗಿದ್ದಿತು. ಹಿಮ, ಹೊಳೆ, ಕಳ್ಳರು, ರೋಗ ಇವೆಲ್ಲವೂ ದಾರಿಯ ಸಂಗಾತಿಗಳು. ಆದುದರಿಂದ ದೇವಾಲಯದಷ್ಟೇ ಅವಶ್ಯವಾದುದು ಧರ್ಮಶಾಲೆ.

೧೨ನೆಯ ಶತಮಾನದಲ್ಲಿ ಸಂಗ್ರಹವಾದ ಕಾಲಿಕ್ಸ್ತೀನ ಸಂಪುಟವೆಂಬ ಲ್ಯಾಟಿನ್ ಗ್ರಂಥದ ಐದನೆಯ ಭಾಗವು ಯಾತ್ರಿಕರಿಗೆ ಕೈಪಿಡಿಯಾಗಿದೆ. ಲೋಕದಲ್ಲಿ ದೇವರು ಬಡವರ ಆಧಾರಕ್ಕಾಗಿ ನಿಲ್ಲಿಸಿದ ಕಂಬಗಳು ಮೂರೆಂದು ಅದರ ಕರ್ತೃವು ಹೇಳಿ, ಜೆರೂಸಲೇಮಿನ ಛತ್ರವನ್ನೂ, ಆಲ್ಪ್ಸ್ ಪರ್ವತದ ಕಣಿವೆಯ ಛತ್ರವನ್ನೂ, ಪಿರನೀಸಿನ ಸೋಂಪೋರ್ತ್ ಘಟ್ಟದ ಸಾಂತಾ ಕ್ರಿಸ್ತಿನಾ ಛತ್ರವನ್ನೂ ಹೆಸರಿಸಿರುವನು. ಅದೇ ಗ್ರಂಥದಲ್ಲಿ ಒಂದು ಕಥೆಯುಂಟು. ಯಾತ್ರೆಯಿಂದ ಹಿಂದಿರುಗುತ್ತಿದ್ದ ಇಬ್ಬರು, ಕೈಯಲ್ಲಿ ಕಾಸಿಲ್ಲದೆ, ಫ್ರಾನ್ಸಿನ ಪೊಯಿಟಿಯೆ ನಗರದ ಒಂದು ಬೀದಿಯಲ್ಲಿ ಮನೆಮನೆಗೂ ಹೋಗಿ ತಂಗಲು ಎಡೆ ಬೇಡಿದರಂತೆ. ಕಟ್ಟಕಡೆಯ ಮನೆಯ ಬಡವನೊಬ್ಬನು ಮಾತ್ರ ಒಳಗೆ ಕರೆದನು. ಆ ರಾತ್ರಿ ಬೀದಿಗೆ ಬೆಂಕಿ ಬಿದ್ದು, ಅವರು ಮೊದಲು ಬೇಡಿದ ಮನೆಯಿಂದ ಹಿಡಿದು ಎಲ್ಲವೂ ಉರಿದುಹೋಗಿ, ಆ ಬಡವನ ಮನೆ ಮಾತ್ರ ಉಳಿಯಿತೆಂದು ಕರ್ತೃವು ಬರೆದಿರುವನು. ಸಂಪುಟದ ಮೊದಲನೆಯ ಭಾಗದಲ್ಲಿರುವ ಉಪದೇಶವೊಂದು ಮೋಸಗಾರರಾದ ವಸತಿಗೃಹದವರನ್ನು ತೀವ್ರವಾಗಿ ಖಂಡಿಸುತ್ತದೆ: ರುಚಿ ನೋಡಲು ಒಳ್ಳೆಯ ದ್ರಾಕ್ಷಾರಸವನ್ನು ಕೊಟ್ಟು, ಮಾರುವಾಗ ಕೆಟ್ಟುದನ್ನು ಅಳೆಯುವವರು ಅಂದೂ ಇದ್ದರು. ತಂಗುದಾಣವನ್ನು ಆರಿಸುವ ಚಿಂತೆಯು ಹೊಸತಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ಇಂತಹ ವಂಚನೆಗೆ ಪ್ರತಿಯಾಗಿ ನಿಂತುದು ಧರ್ಮಬುದ್ಧಿ. ಪಿರನೀಸಿನ ಇನ್ನೊಂದು ಘಟ್ಟದಲ್ಲಿ ೧೨ನೆಯ ಶತಮಾನದಲ್ಲಿ ಸ್ಥಾಪಿತವಾದ ರೊನ್ಸೆಸ್ವಾಯೆಸ್ ಛತ್ರದ ಬಾಗಿಲು ಕ್ರೈಸ್ತರಿಗೆ ಮಾತ್ರವಲ್ಲದೆ ಯೆಹೂದ್ಯರಿಗೂ ಅನ್ಯಮತೀಯರಿಗೂ ತೆರೆದಿದೆಯೆಂದು ಅದನ್ನು ಸ್ತುತಿಸುವ ಪುರಾತನ ಲ್ಯಾಟಿನ್ ಕವನವು ಹೇಳುತ್ತದೆ. ರಿಯೋಖಾ ಪ್ರಾಂತದಲ್ಲಿ ೧೧೦೯ರಲ್ಲಿ ಗತಿಸಿದ ದೊಮಿಂಗೋ ಎಂಬ ಸಾಧುವು ಯಾತ್ರಿಕರಿಗಾಗಿ ರಸ್ತೆ, ಸೇತುವೆ, ಛತ್ರ ಮೂರನ್ನೂ ಕಟ್ಟಿದನು; ಆ ಊರು ಇಂದಿಗೂ ಅವನ ಹೆಸರಿನಿಂದಲೇ ಕರೆಯಲ್ಪಡುತ್ತಿದೆ. ಕೊನೆಗೆ ಅರಸರೂ ಕೈ ಹಚ್ಚಿದರು. ೧೪೮೬ರಲ್ಲಿ ಕಾಂಪೋಸ್ತೆಲಾಕ್ಕೆ ಬಂದಿದ್ದ ಫರ್ಡಿನೆಂಡ್ ಮತ್ತು ಇಸಬೆಲ್ಲಾ ದಂಪತಿಗಳು ೧೪೯೯ರಲ್ಲಿ ಆಜ್ಞಾಪಿಸಿದಂತೆ, ಎನ್ರಿಕೆ ಎಗಾಸ್ ಎಂಬ ಶಿಲ್ಪಿಯ ಯೋಜನೆಯ ಮೇರೆಗೆ, ದೇವಾಲಯದ ಚೌಕದಲ್ಲಿಯೇ ಬಡ ಯಾತ್ರಿಕರಿಗೂ ರೋಗಿಗಳಿಗೂ ರಾಜಛತ್ರವೊಂದು ಎದ್ದಿತು.

ಆದರೆ ಕಾಲವು ತಿರುಗಿತು. ೧೬ನೆಯ ಶತಮಾನದ ಮತಕಲಹಗಳಿಂದ ಯೂರೋಪಿನ ಉತ್ತರದ ಯಾತ್ರಿಕರು ಕಡಮೆಯಾದರು. ೧೫೮೯ರಲ್ಲಿ ಇಂಗ್ಲಿಷ್ ನೌಕಾಪಡೆಯ ಭಯದಿಂದ ಬಚ್ಚಿಟ್ಟ ಅಸ್ಥಿಗಳು ೧೮೭೯ರವರೆಗೆ ಕಣ್ಮರೆಯಾಗಿದ್ದವು. ಈ ಮಧ್ಯೆ ೧೮೩೬ರಲ್ಲಿ ಮಂತ್ರಿಯಾದ ಮೆಂಡಿಝಾಬಲನು ಮಠಗಳ ಆಸ್ತಿಯನ್ನು ಸರ್ಕಾರಕ್ಕೆ ಸೇರಿಸಿ ಹರಾಜು ಹಾಕಿಸಲು, ಆ ಉತ್ಪತ್ತಿಯನ್ನೇ ನಂಬಿದ್ದ ಅನೇಕ ಛತ್ರಗಳು ನಿಂತುಹೋದವು. ಮೂರು ಕಂಬಗಳಲ್ಲಿ ಒಂದೆನಿಸಿದ್ದ ಸಾಂತಾ ಕ್ರಿಸ್ತಿನಾದಲ್ಲಿ ಇಂದು ತಳಪಾಯದ ಕಲ್ಲುಗಳು ಮಾತ್ರ ಕಾಣುವವು. ಲಿಯೋನ್ ನಗರದ ಸಾನ್ ಮಾರ್ಕೋಸಿನ ವೃತ್ತಾಂತವು ಇನ್ನೂ ಶೋಚನೀಯ. ಯಾತ್ರಿಕರ ಆಶ್ರಯವಾಗಿ ೧೨ನೆಯ ಶತಮಾನದಲ್ಲಿ ಹುಟ್ಟಿ, ಮುಂದೆ ಭವ್ಯವಾಗಿ ಪುನಃ ಕಟ್ಟಲ್ಪಟ್ಟ ಆ ಮನೆಯಲ್ಲಿ, ೧೯೩೬ರಲ್ಲಿ ಆರಂಭವಾದ ಅಂತರ್ಯುದ್ಧದ ಕಾಲದಲ್ಲಿ ಸಾವಿರಾರು ಮಂದಿ ಕೈದಿಗಳನ್ನು ಕೂಡಿಹಾಕಿದರು. ಬಾಗಿಲು ತೆರೆಯುವುದಕ್ಕೆಂದು ಕಟ್ಟಿದುದು ಬಾಗಿಲು ಮುಚ್ಚುವುದಕ್ಕೆ ಉಪಯೋಗವಾಯಿತು.

ಸ್ಪೇನ್ ಸರ್ಕಾರವು ೧೯೨೮ರಿಂದ ಪಾರದೋರ್ ಎಂಬ ವಸತಿಗೃಹಗಳನ್ನು ನಡೆಸುತ್ತ ಬಂದಿದೆ. ಕಾಂಪೋಸ್ತೆಲಾದ ರಾಜಛತ್ರವು ೧೯೫೪ರಲ್ಲಿ ವಸತಿಗೃಹವಾಗಿ, ಮುಂದೆ ಪಾರದೋರ್ ಆಯಿತು. ಸಾನ್ ಮಾರ್ಕೋಸೂ, ದೊಮಿಂಗೋ ಸಾಧುವಿನ ಛತ್ರವೂ ತರುವಾಯ ಅದೇ ದಾರಿ ಹಿಡಿದವು. ದರಿದ್ರರಿಗೆಂದು ಎತ್ತಿದ ಕಂಬಸಾಲೆಗಳಲ್ಲಿ ಈಗ ಧನವಂತರು ಮಲಗುವರು. ಇದು ಧರ್ಮಲೋಪವೆಂದು ಒಡನೆಯೇ ಹೇಳಬಹುದು. ಆದರೆ ಬಾಡಿಗೆಯ ಹಣವಿಲ್ಲದಿದ್ದಲ್ಲಿ ಆ ಗೋಡೆಗಳಿಗೂ ಸಾಂತಾ ಕ್ರಿಸ್ತಿನಾದ ಗತಿಯೇ ಒದಗುತ್ತಿದ್ದಿತೋ ಏನೋ ಎಂಬುದನ್ನೂ ವಿಚಾರಿಸಬೇಕು. ಬಹುಕಾಲದವರೆಗೆ ರಾಜಛತ್ರದಲ್ಲಿ ಪ್ರತಿದಿನ ಕೆಲವು ಮಂದಿ ಯಾತ್ರಿಕರಿಗೆ ಉಚಿತ ಭೋಜನವು ನಡೆದುಬಂದುದು ಹಳೆಯ ಸಂಕಲ್ಪದ ಗುರುತು.

ಕಲ್ಲು ಹೀಗೆ ಉಳಿಯಿತು. ಧರ್ಮವು ಬೇರೆ ಕಡೆ ಚಿಗುರಿತು. ಓ ಸೆಬ್ರೆಯ್ರೋ ಎಂಬ ಬೆಟ್ಟದ ಹಳ್ಳಿಯ ಪಾದ್ರಿಯಾಗಿದ್ದ ಎಲಿಯಾಸ್ ವಾಲಿನ್ಯಾ ಎಂಬವರು ಜನರು ಮರೆತಿದ್ದ ದಾರಿಯನ್ನು ಶೋಧಿಸಿ, ೧೯೮೪ರಲ್ಲಿ ಮರಗಳಿಗೂ ಕಲ್ಲುಗಳಿಗೂ ಹಳದಿ ಬಣ್ಣದ ಬಾಣದ ಗುರುತುಗಳನ್ನು ಬಳಿದರು. ೧೯೮೭ರಲ್ಲಿ ಯೂರೋಪು ಪರಿಷತ್ತು ಈ ಮಾರ್ಗವನ್ನು ಮೊದಲನೆಯ ಸಂಸ್ಕೃತಿಮಾರ್ಗವೆಂದು ಸಾರಿತು. ೧೯೯೩ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಯಾತ್ರೆಯನ್ನು ಪೂರೈಸಿದರೆಂಬ ಪತ್ರವನ್ನು ಪಡೆದವರ ಸಂಖ್ಯೆಯು ೧೯೮೬ರಲ್ಲಿ ಎರಡು ಸಾವಿರವನ್ನೂ ಮುಟ್ಟಿರಲಿಲ್ಲ. ೨೦೨೪ರಲ್ಲಿ ಅದು ೪ ಲಕ್ಷ ೯೦ ಸಾವಿರವನ್ನು ಮೀರಿತು.

ಇವರಲ್ಲಿ ಅನೇಕರು ತಂಗುವುದು ಆಲ್ಬೆರ್ಗೆ ಎಂಬ ಸಾದಾ ಛತ್ರಗಳಲ್ಲಿ. ಯಾತ್ರಿಕನೆಂಬುದಕ್ಕೆ ಗುರುತಿನ ಪುಸ್ತಕವಿರಬೇಕು. ಸಾಮಾನ್ಯವಾಗಿ ಒಂದು ರಾತ್ರಿ ಮಾತ್ರ ಇರಬಹುದು. ಒಂದು ರಾತ್ರಿ ತಂಗುವವನೇ ಅತಿಥಿಯೆಂದು ಸ್ಮೃತಿಕಾರರು ಹೇಳಿದ ಲಕ್ಷಣವು ಅಷ್ಟು ದೂರದ ನಾಡಿನಲ್ಲಿಯೂ ನಿಯಮವಾಗಿರುವುದು ಸಂತೋಷದ ಸಂಗತಿ. ಕೆಲವೆಡೆ ದರವೇ ಇಲ್ಲ. ಪೆಟ್ಟಿಗೆಯಲ್ಲಿ ಶಕ್ತ್ಯನುಸಾರ ಹಾಕಿದರಾಯಿತು. ಪಿಸುವೆರ್ಗಾ ನದಿಯ ಸೇತುವೆಯ ಬಳಿ ಸಾನ್ ನಿಕೊಲಾಸ್ ಎಂಬ ಹಳೆಯ ಗುಡಿಯನ್ನು ಇಟಲಿ ದೇಶದ ಒಂದು ಯಾತ್ರಿಕಸಂಘವು ಜೀರ್ಣೋದ್ಧಾರಮಾಡಿ ಛತ್ರವಾಗಿಸಿದೆ. ಅಲ್ಲಿ ರಾತ್ರಿ ಮೇಣದ ದೀಪದ ಬೆಳಕಿನಲ್ಲಿ ಊಟ; ಅದಕ್ಕೆ ಮುಂಚೆ ಬಂದವರ ಪಾದಗಳನ್ನು ಸೇವಕರು ತೊಳೆಯುವರು.

ಸ್ಪೇನ್ ದೇಶಕ್ಕೆ ಹೋಗುವವರು ಎಲ್ಲಿ ತಂಗಬೇಕೆಂದು ಮೊದಲೇ ವಿಚಾರಿಸುವುದು ಯುಕ್ತವೇ ಸರಿ. ವೃದ್ಧರಿಗೂ ಅಶಕ್ತರಿಗೂ ಪಾರದೋರಿನ ಸೌಖ್ಯವು ದೋಷವಲ್ಲ. ಆದರೆ ಹಾಸಿಗೆಯ ಮೃದುತ್ವವನ್ನು ಮಾತ್ರ ವಿಚಾರಿಸಿದವನು ಚರಿತ್ರೆಯ ಅರ್ಧವನ್ನು ಕಾಣದೆ ಹಿಂದಿರುಗುವನು. ರಾಜಛತ್ರದ ಕಂಬಗಳನ್ನು ನೋಡುವಾಗ ಅವು ಯಾರಿಗಾಗಿ ಎದ್ದವೆಂದು ನೆನೆಯಬೇಕು. ಶಕ್ತಿಯಿದ್ದಲ್ಲಿ ಒಂದು ರಾತ್ರಿಯನ್ನಾದರೂ ನಡೆದು ಬಂದವರ ನಡುವೆ ಕಳೆಯಬೇಕು. ದೇವಾಲಯಗಳನ್ನು ಅರಸರು ಕಟ್ಟಿಸಬಲ್ಲರು. ಯಾತ್ರಾಮಾರ್ಗವನ್ನು ಬದುಕಿಸುವವರು ಬಾಗಿಲು ತೆರೆಯುವ ಮನೆಯವರು.