ಸುನಿಲ್ ಜೋಶಿ

ಸುನಿಲ್ ಬಂಡಾಚಾರ್ಯ ಜೋಶಿ ಭಾರತ ಮತ್ತು ಕರ್ನಾಟಕ ತಂಡಗಳ ಮಾಜಿ ಕ್ರಿಕೆಟಿಗ, ತರಬೇತುದಾರ, ರಾಷ್ಟ್ರೀಯ ಆಯ್ಕೆ ಸಮಿತಿಯ ಮಾಜಿ ಅಧ್ಯಕ್ಷ. ಎಡಗೈ ಸ್ಪಿನ್ ಬೌಲರ್. ಬ್ಯಾಟಿಂಗ್ ಮಾಡುತ್ತಿದ್ದದ್ದೂ ಎಡಗೈಯಿಂದಲೇ. ಹುಟ್ಟಿದ್ದು 1970ರ ಜೂನ್ 6ರಂದು, ಗದಗಿನಲ್ಲಿ. ಆಗ ಗದಗ ಧಾರವಾಡ ಜಿಲ್ಲೆಗೆ ಸೇರಿದ್ದ ಊರು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟರಲ್ಲಿ ಜೋಶಿ ಟೆಸ್ಟ್ ಆಟಗಾರರಾಗಿದ್ದರು. ಹೀಗಾಗಿ ಅವಿಭಜಿತ ಧಾರವಾಡ ಜಿಲ್ಲೆಯ ಕ್ರೀಡಾ ಇತಿಹಾಸದಲ್ಲಿ ಅವರಿಗೆ ದೊಡ್ಡ ಸ್ಥಾನವಿದೆ.

ಬಾಲ್ಯದ ದಾರಿ

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಹುಲಕೋಟಿ, ಅಣ್ಣಿಗೇರಿ ದಾಟಿ ಹೋಗುವ ಈ ದಾರಿಯ ಎರಡೂ ಬದಿಗೆ ಹತ್ತಿ, ಕಡಲೆ, ಬಿಳಿಜೋಳ ಬೆಳೆಯುವ ಎರೆಹೊಲಗಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಜೋಶಿ ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಗದಗಿಗೆ ಮರಳಿ ತರಗತಿಯಲ್ಲಿ ಕೂರುತ್ತಿದ್ದರು. ಈ ಸೀಮೆಗೆ ಇಂಥ ಓಡಾಟ ಹೊಸದಲ್ಲ. ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರೂ ಗದಗಿನವರೇ. ಅವರಿಗೆ ಗುರು ಸವಾಯಿ ಗಂಧರ್ವರು ಸಿಕ್ಕಿದ್ದು ಕುಂದಗೋಳದಲ್ಲಿ. ಕಲಿಯಬೇಕೆಂದವರು ಮನೆ ಬಿಟ್ಟು ದಾರಿ ಹಿಡಿಯಲೇಬೇಕಿತ್ತು.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಳ್ಳಿಗಳಲ್ಲಿ ಗರಡಿಮನೆ ಇತ್ತು, ಕಬಡ್ಡಿ, ಖೋಖೋ ಇದ್ದವು. ಕ್ರಿಕೆಟ್ ಎಂದರೆ ಸುಗ್ಗಿ ಮುಗಿದ ಹೊಲದಲ್ಲಿ ಟೆನಿಸ್ ಚೆಂಡಿನ ಆಟ. ಚರ್ಮದ ಚೆಂಡು ಹಿಡಿಯಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು, ಅಲ್ಲಿಂದ ಮುಂದಿನ ಮೆಟ್ಟಿಲು 400 ಕಿಲೋಮೀಟರ್ ಆಚೆಯ ಬೆಂಗಳೂರು. ಉತ್ತರ ಕರ್ನಾಟಕದ ಮೈದಾನಗಳಲ್ಲಿ ಬಹುಕಾಲ ಆಟ ನಡೆದದ್ದು ಮ್ಯಾಟಿಂಗ್ ಮೇಲೆ, ಅಂದರೆ ಚಾಪೆ ಹಾಸಿದ ಪಿಚ್ ಮೇಲೆ. ಅಲ್ಲಿ ಚೆಂಡು ತಾನಾಗಿಯೇ ಪುಟಿಯುತ್ತದೆ, ತಿರುಗುತ್ತದೆ. ಟರ್ಫ್ ಪಿಚ್‌ನಲ್ಲಿ ಸ್ಪಿನ್ನರ್ ಗಾಳಿಯಲ್ಲೇ ಬ್ಯಾಟ್ಸ್‌ಮನ್‌ನನ್ನು ಏಮಾರಿಸಬೇಕು. ಮ್ಯಾಟಿಂಗ್ ಮೇಲೆ ಬೆಳೆದ ಬೌಲರ್ ಟರ್ಫ್‌ಗೆ ಬಂದಾಗ ಕಲಿತದ್ದರಲ್ಲಿ ಅರ್ಧ ಮರೆತು ಹೊಸದಾಗಿ ಕಲಿಯಬೇಕಾಗುತ್ತದೆ.

ಕರ್ನಾಟಕ ತಂಡದಲ್ಲಿ

ರಘುರಾಮ ಭಟ್ಟರ ನಂತರ ಕರ್ನಾಟಕಕ್ಕೊಬ್ಬ ಎಡಗೈ ಸ್ಪಿನ್ನರ್ ಬೇಕಿದ್ದ ಹೊತ್ತಿಗೆ, 1992–93ರ ಋತುವಿನಲ್ಲಿ, ಜೋಶಿ ರಣಜಿಗೆ ಬಂದರು. 1995–96ರಲ್ಲಿ ಒಂದೇ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ರಣಜಿಯಲ್ಲಿ ಇವೆರಡನ್ನೂ ಒಟ್ಟಿಗೆ ಸಾಧಿಸಿದವರು ಅತಿ ವಿರಳ. ಕರ್ನಾಟಕ ಆ ವರ್ಷ ತಮಿಳುನಾಡನ್ನು ಮಣಿಸಿ, 1982–83ರ ನಂತರ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. 1997–98 ಮತ್ತು 1998–99ರಲ್ಲೂ ಟ್ರೋಫಿ ಕರ್ನಾಟಕಕ್ಕೇ ಬಂತು.

ಭಾರತ ತಂಡದಲ್ಲಿ

ಟೆಸ್ಟ್‌ಗೆ ಪದಾರ್ಪಣೆ ಮಾಡಿದ್ದು ತಮ್ಮ 26ನೇ ಹುಟ್ಟುಹಬ್ಬದಂದು, 1996ರ ಜೂನ್ 6ರಂದು, ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ. ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಜೊತೆಗೆ ಜೋಶಿ: ಹನ್ನೊಂದರಲ್ಲಿ ನಾಲ್ವರು ಕರ್ನಾಟಕದವರು. ಅವರಲ್ಲಿ ತುಂಗಭದ್ರೆಯ ಉತ್ತರದಿಂದ ಬಂದವರು ಇವರೊಬ್ಬರೇ. ಮುಂದಿನ ಲಾರ್ಡ್ಸ್ ಟೆಸ್ಟ್‌ನಲ್ಲಿ ದ್ರಾವಿಡ್ ಮತ್ತು ಗಂಗೂಲಿ ಒಳಬಂದರು, ಜೋಶಿ ಹೊರಗುಳಿದರು. ಮುಂದಿನ ಐದು ವರ್ಷವೂ ಈ ಒಳಹೊರಗಿನ ಆಟ ನಡೆದೇ ಇತ್ತು. ಕುಂಬ್ಳೆಯ ಜಾಗ ಗಟ್ಟಿ. ಉಳಿದ ಒಂದು ಜಾಗಕ್ಕೆ ದೇಶದ ಸ್ಪಿನ್ನರ್‌ಗಳೆಲ್ಲ ಸ್ಪರ್ಧಿಗಳು.

1999ರ ಸೆಪ್ಟೆಂಬರ್ 26ರಂದು ನೈರೋಬಿಯ ಜಿಮ್‌ಖಾನಾ ಮೈದಾನದಲ್ಲಿ, ಎಲ್‌ಜಿ ಕಪ್ ಏಕದಿನ ಪಂದ್ಯದಲ್ಲಿ, ದಕ್ಷಿಣ ಆಫ್ರಿಕಾದ ವಿರುದ್ಧ ಅವರು ಮಾಡಿದ ಬೌಲಿಂಗ್ ಇಂದಿಗೂ ಜನ ನೆನೆಯುವಂಥದ್ದು. 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಔಟಾದವರು ಬಾಲಂಗೋಚಿಗಳಲ್ಲ, ಗಿಬ್ಸ್, ಕ್ರೋನಿಯೆ, ಜಾಂಟಿ ರೋಡ್ಸ್‌ರಂಥವರು. ಹತ್ತು ಓವರ್‌ಗಳಲ್ಲಿ ಆರು ಓವರ್ ಒಂದೂ ರನ್ ಕೊಡದಿರುವುದಕ್ಕೆ ಚೆಂಡು ತಿರುಗಿದರಷ್ಟೇ ಸಾಲದು. ಪ್ರತಿ ಎಸೆತವೂ ಬ್ಯಾಟ್ಸ್‌ಮನ್‌ಗೆ ಮುಂದೆ ಬರಲೋ ಹಿಂದೆ ಸರಿಯಲೋ ತಿಳಿಯದ ಜಾಗದಲ್ಲೇ ಬೀಳಬೇಕು. ದಕ್ಷಿಣ ಆಫ್ರಿಕಾ 117ಕ್ಕೆ ಕುಸಿಯಿತು, ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಆ ಟೂರ್ನಿಯಲ್ಲಿ ಸರಣಿಶ್ರೇಷ್ಠರಾದವರು ಕರ್ನಾಟಕದವರೇ ಆದ ವಿಜಯ್ ಭಾರದ್ವಾಜ್.

2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್. ಗಂಗೂಲಿಗೂ ಟೆಸ್ಟ್ ನಾಯಕನಾಗಿ ಅದು ಮೊದಲನೆಯದು. ಅಮೀನುಲ್ ಇಸ್ಲಾಂ ಅವರ 145ರ ಬಲದಿಂದ ಬಾಂಗ್ಲಾದೇಶ 400 ರನ್ ಹೊಡೆಯಿತು. ಜೋಶಿ 142 ರನ್ನಿಗೆ 5 ವಿಕೆಟ್ ಪಡೆದರು. ಭಾರತದ ಬ್ಯಾಟಿಂಗ್ ತಡವರಿಸಿದಾಗ ಕೆಳಕ್ರಮಾಂಕದಲ್ಲಿ ಬಂದು 92 ರನ್ ಗಳಿಸಿ ಗಂಗೂಲಿಗೆ ಆಸರೆಯಾದರು. ಎರಡನೇ ಇನಿಂಗ್ಸ್‌ನಲ್ಲಿ ಬಾಂಗ್ಲಾದೇಶ 91ಕ್ಕೆ ಆಲೌಟ್. ಜೋಶಿಗೆ 27ಕ್ಕೆ 3. ಪಂದ್ಯಶ್ರೇಷ್ಠ ಪ್ರಶಸ್ತಿ ಅವರ ಪಾಲಾಯಿತು.

ಅದೇ ತಿಂಗಳು ಜಿಂಬಾಬ್ವೆ ವಿರುದ್ಧ ಆಡಿದ ಮೇಲೆ ಅವರಿಗೆ ಮತ್ತೆ ಟೆಸ್ಟ್ ಸಿಗಲಿಲ್ಲ. 2001ರ ಆಸ್ಟ್ರೇಲಿಯಾ ಸರಣಿಯಲ್ಲಿ ಮುಂಬೈಯಲ್ಲಿ ರಾಹುಲ್ ಸಾಂಘ್ವಿ, ಕೋಲ್ಕತ್ತದಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನೀಲೇಶ್ ಕುಲಕರ್ಣಿ ಆಡಿದರು. ಮೂರು ಟೆಸ್ಟ್‌ಗೆ ಮೂವರು ಎಡಗೈ ಸ್ಪಿನ್ನರ್‌ಗಳು. ನಾಲ್ಕು ತಿಂಗಳ ಹಿಂದಿನ ಪಂದ್ಯಶ್ರೇಷ್ಠನ ಹೆಸರು ಅವರಲ್ಲಿರಲಿಲ್ಲ. ಹರಭಜನ್ ಸಿಂಗ್ ಆ ಸರಣಿಯಲ್ಲಿ 32 ವಿಕೆಟ್ ಕಿತ್ತ ಮೇಲೆ ಕುಂಬ್ಳೆಯ ಜೋಡಿ ಯಾರೆಂಬ ಪ್ರಶ್ನೆಯೇ ಉಳಿಯಲಿಲ್ಲ. 41 ಟೆಸ್ಟ್ ವಿಕೆಟ್, 69 ಏಕದಿನ ವಿಕೆಟ್‌ಗಳಿಗೆ ನಿಂತ ಲೆಕ್ಕ ಅವರ ಯೋಗ್ಯತೆಗಿಂತ ಕಡಿಮೆಯದು.

ಅವರ ನಿಜವಾದ ಅಳತೆ ಸಿಗುವುದು ದೇಶೀಯ ಕ್ರಿಕೆಟ್‌ನಲ್ಲಿ. ಭಾರತ ತಂಡದ ಬಾಗಿಲು ಮುಚ್ಚಿದ ಮೇಲೂ ಸುಮಾರು ಹತ್ತು ವರ್ಷ ರಣಜಿಯಲ್ಲಿ ದುಡಿದರು. ಪ್ರಥಮ ದರ್ಜೆಯ 160 ಪಂದ್ಯಗಳಲ್ಲಿ 615 ವಿಕೆಟ್, 5,000ಕ್ಕೂ ಹೆಚ್ಚು ರನ್. ಐಪಿಎಲ್ ಶುರುವಾದಾಗ ವಯಸ್ಸು 38ರ ಹತ್ತಿರ. ರಾಯಲ್ ಚಾಲೆಂಜರ್ಸ್ ಬೆಂಗಳೂರು ಪರ ಕೆಲವೇ ಪಂದ್ಯ ಆಡಿದರು. 2012ರಲ್ಲಿ ನಿವೃತ್ತರಾದರು.

ತರಬೇತಿ ಮತ್ತು ಆಯ್ಕೆ ಸಮಿತಿ

ನಿವೃತ್ತಿಯ ನಂತರ ಅವರು ಹೆಚ್ಚಾಗಿ ನಿಂತದ್ದು ಸಣ್ಣ ತಂಡಗಳ ಬೆನ್ನಿಗೆ. ಅವರು ತರಬೇತುದಾರರಾಗಿದ್ದಾಗ, 2014ರ ಡಿಸೆಂಬರ್‌ನಲ್ಲಿ, ಜಮ್ಮು ಮತ್ತು ಕಾಶ್ಮೀರ ತಂಡ ವಾಂಖೆಡೆಯಲ್ಲಿ ಮುಂಬೈಯನ್ನೇ ಸೋಲಿಸಿತು. ಪ್ರವಾಹದಿಂದ ಶ್ರೀನಗರ ನಲುಗಿದ್ದ ವರ್ಷ ಅದು. 2016ರ ಟಿ20 ವಿಶ್ವಕಪ್‌ನಲ್ಲಿ ಒಮಾನ್ ತಂಡಕ್ಕೆ ಸ್ಪಿನ್ ಪಾಠ ಹೇಳಿದರು. 2017ರಿಂದ 2019ರವರೆಗೆ ಬಾಂಗ್ಲಾದೇಶದ ಸ್ಪಿನ್ ಸಲಹೆಗಾರರಾಗಿದ್ದರು.

2020ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ವರ್ಷದ ಅಕ್ಟೋಬರ್‌ನಲ್ಲಿ ಅವರ ಸಮಿತಿ ಆರಿಸಿದ ಆಸ್ಟ್ರೇಲಿಯಾ ಪ್ರವಾಸದ ತಂಡದಲ್ಲಿ ಶುಭಮನ್ ಗಿಲ್, ಮೊಹಮ್ಮದ್ ಸಿರಾಜ್ ಇದ್ದರು. ಆ ಪ್ರವಾಸದಲ್ಲೇ ಭಾರತ 2021ರ ಜನವರಿಯಲ್ಲಿ ಬ್ರಿಸ್ಬೇನ್ ಟೆಸ್ಟ್ ಗೆದ್ದು 2–1ರಿಂದ ಸರಣಿ ತನ್ನದಾಗಿಸಿಕೊಂಡಿತು. 2020ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಸ್ಥಾನ ಚೇತನ್ ಶರ್ಮಾ ಅವರಿಗೆ ಹೋಯಿತು. ಜೋಶಿ ಸದಸ್ಯರಾಗಿ ಮುಂದುವರಿದರು. 2023ರಲ್ಲಿ ಐಪಿಎಲ್‌ನ ಪಂಜಾಬ್ ಕಿಂಗ್ಸ್ ತಂಡಕ್ಕೆ ಸ್ಪಿನ್ ಬೌಲಿಂಗ್ ತರಬೇತುದಾರರಾಗಿ ಸೇರಿದರು.