ಬಳ್ಳಾರಿಯ ಬೂದಿ, ಪುಣೆಯ ಪುಸ್ತಕ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗೋ ದಾರಿಯಲ್ಲಿ ಕುಡತಿನಿ ಹತ್ತಿರ ಒಂದು ಬೂದಿ ದಿಬ್ಬ ಇದೆ. ಅದು ಹಿಡಿಂಬಾಸುರನನ್ನು ಸುಟ್ಟ ಬೂದಿ ಅಂತ ಆ ಕಡೆ ಹೇಳ್ತಾರೆ. ಹಂಪಿ ಪಕ್ಕದ ನಿಂಬಾಪುರದ ದಿಬ್ಬವಂತೂ ವಾಲಿಯ ಚಿತೆಯೇ ಅಂತೆ. ಹಾಗಾದರೆ ನಿಜವಾಗಿ ಅದೇನು? ವಾಟ್ಸಾಪ್‌ನಲ್ಲಿ ಬಂದದ್ದನ್ನು ಬಿಟ್ಟು ಇದಕ್ಕೆ ಉತ್ತರ ಹುಡುಕೋದು ಹೇಗೆ?

ನಾನು ಶುರು ಮಾಡಿದ್ದು ಕಾಲೇಜು ಲೈಬ್ರರಿಯ ಒಂದೇ ಪುಸ್ತಕದಿಂದ: ಎಫ್. ಆರ್. ಆಲ್ಚಿನ್ 1963ರಲ್ಲಿ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆ ಬರೆದದ್ದು. ಅವರ ಪ್ರಕಾರ ಇವು ದೊಡ್ಡಿಗಳಲ್ಲಿ ಗುಡ್ಡೆಯಾಗಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಆದ ದಿಬ್ಬಗಳು. ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಅಗೆದಾಗ ದನಗಳ ಗೊರಸಿನ ಗುರುತೂ ಸಿಕ್ಕಿತ್ತು. ರಾಕ್ಷಸನ ಕಥೆ ಕೇಳಿ ಬೆಳೆದವನಿಗೆ ಸಗಣಿ ಅಂದ್ರೆ ಮೊದಲು ಸ್ವಲ್ಪ ಬೇಜಾರೇ ಆಯ್ತು ಬಿಡಿ!

ಆದರೆ ಸಂಶೋಧನೆ ಅಂದ್ರೆ ಪುಸ್ತಕ ಓದಿ ಮುಚ್ಚಿಡೋದಲ್ಲ, ಅದರ ಅಡಿಟಿಪ್ಪಣಿಗಳ ಬೆನ್ನು ಹತ್ತೋದು. ಹಾಗೆ ಹೋದರೆ ಮೊದಲು ಸಿಗೋದು ಬಿ. ಸುಬ್ಬರಾವ್. ಸಂಗನಕಲ್ಲಿನಲ್ಲಿ ಉತ್ಖನನ ಮಾಡಿ ಬಳ್ಳಾರಿಯ ಶಿಲಾಯುಗದ ಮೇಲೆ ಅವರು ಬರೆದ ಪುಸ್ತಕವನ್ನು 1948ರಲ್ಲಿ ಪ್ರಕಟಿಸಿದ್ದು ಪುಣೆಯ ಡೆಕ್ಕನ್ ಕಾಲೇಜು. ಯೆರವಡಾದಲ್ಲಿ, 1868ರಷ್ಟು ಹಳೆಯ ಕಟ್ಟಡ ಇರೋ ಅದೇ ಕಾಲೇಜು. ನಿಮ್ಮಲ್ಲಿ ಎಷ್ಟೋ ಜನ ದಿನಾ ಕ್ಯಾಬ್‌ನಲ್ಲಿ ಆ ಕಡೆಯಿಂದಲೇ ಆಫೀಸಿಗೆ ಹೋಗ್ತೀರಿ.

ಅಲ್ಲಿಂದ ಇನ್ನೂ ಹಿಂದಕ್ಕೆ ಹೋದರೆ ರಾಬರ್ಟ್ ಬ್ರೂಸ್ ಫೂಟ್. ಅವರ ಸಂಗ್ರಹದ ಕ್ಯಾಟಲಾಗ್ ಪ್ರಕಟವಾದದ್ದು ಮದ್ರಾಸಿನಲ್ಲಿ. ರಾಯಚೂರು ಜಿಲ್ಲೆಯ ಪಿಕ್ಲಿಹಾಳದ ಉತ್ಖನನ ವರದಿ 1960ರಲ್ಲಿ ಹೊರಬಂದದ್ದು ಹೈದರಾಬಾದಿನಿಂದ. ಯಾಕೆ ಹೀಗೆ? ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ರಾಯಚೂರು 1956ರವರೆಗೆ ಹೈದರಾಬಾದಿಗೆ. ಗಡಿ ಬದಲಾಯಿತು, ಕಪಾಟು ಬದಲಾಗಲಿಲ್ಲ. ನಮ್ಮೂರಿನ ಇತಿಹಾಸ ನಾವು ಕೆಲಸಕ್ಕೆ ಬಂದ ಊರುಗಳಲ್ಲೇ ಕೂತಿದೆ.

ಹುಡುಕುವಾಗ ನಾನು ಮಾಡಿದ ತಪ್ಪನ್ನೂ ಹೇಳಿಬಿಡ್ತೀನಿ. ಕಂಪ್ಯೂಟರಿನಲ್ಲಿ ‘ಬಳ್ಳಾರಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ, ಏನೂ ಬರಲಿಲ್ಲ. ಪುಸ್ತಕವೇ ಇಲ್ಲ ಅಂದುಕೊಂಡು ಎದ್ದೂಬಿಟ್ಟಿದ್ದೆ. ಕೌಂಟರಿನಲ್ಲಿದ್ದವರು ನಕ್ಕು ‘ಬೆಲ್ಲಾರಿ’ ಅಂತ ಹಾಕಿಸಿದರು, ಸಾಲಾಗಿ ಬಂತು. ಊರಿನ ಹೆಸರನ್ನು ಬ್ರಿಟಿಷರ ಕಾಲದ ಕಾಗುಣಿತದಲ್ಲೂ ಹುಡುಕಿ. ಸಂಗನಕಲ್ಲಿಗಂತೂ ಎರಡು ಮೂರು ಸ್ಪೆಲ್ಲಿಂಗ್ ಇವೆ. ಹೊರಗಿನವರಿಗೆ ಪ್ರವೇಶ ಹೇಗೆ, ಪತ್ರ ಬೇಕಾ ಅಂತ ಲೈಬ್ರರಿಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಚೆನ್ನೈನಲ್ಲಿರೋರಿಗೆ ಇನ್ನೊಂದು ಅನುಕೂಲ. ಫೂಟ್ ಸಂಗ್ರಹ ಸೇರಿದ್ದು ಎಗ್ಮೋರ್ ಮ್ಯೂಸಿಯಂಗೆ. ಶನಿವಾರ ಹೋಗಿ ಬನ್ನಿ, ಶುಕ್ರವಾರ ಅಲ್ಲಿ ರಜೆ.